ಗಾಳಿಯ ರೈಫಲ್: ದೋಷ ಹುಡುಕುವ ಬಗೆ



ರಾಯಚೂರು ಜಿಲ್ಲೆಯ ಬಾಗಲವಾಡದಂತಹ ಊರುಗಳ ಹತ್ತಿ ಹೊಲಗಳಲ್ಲಿ ಬೆನ್ನಿಗೆ ಪಂಪು ಕಟ್ಟಿಕೊಂಡು ಎಣ್ಣೆ ಹೊಡೆಯುವವರನ್ನು ನೀವು ನೋಡಿರುತ್ತೀರಿ. ಒಂದು ಕೈ ಹಿಡಿಕೆಯನ್ನು ಆಡಿಸುತ್ತದೆ, ಇನ್ನೊಂದು ಕೈಯಲ್ಲಿ ಸಿಂಪಡಿಸುವ ಕೋಲಿರುತ್ತದೆ. ಹಿಡಿಕೆಯನ್ನು ತಡೆತಡೆದು ಆಡಿಸಿದರೂ ತುಂತುರು ಒಂದೇ ಸಮನೆ ಬರುತ್ತದೆ. ಪಂಪಿನ ಚಿಕ್ಕ ಕೋಣೆಯಲ್ಲಿ ಅದುಮಿಕೊಂಡಿರುವ ಗಾಳಿ ದ್ರವವನ್ನು ಸತತವಾಗಿ ತಳ್ಳುತ್ತಿರುವುದೇ ಇದಕ್ಕೆ ಕಾರಣ. ವಾಷರ್ ಸವೆದು ಒತ್ತಡ ಇಳಿಯಿತೆಂದರೆ ತುಂತುರು ದಪ್ಪ ಹನಿಯಾಗುತ್ತದೆ. ಔಷಧಿ ಎಲೆಗೆ ಅಂಟದೆ ನೆಲದ ಪಾಲಾಗುತ್ತದೆ.

ಇದೇ ತತ್ತ್ವವನ್ನು ಅತಿ ನಿಖರವಾಗಿ ಬಳಸುವ ಕ್ರೀಡಾ ಸಾಧನವೊಂದಿದೆ. ಅದು ಮೊದಲೇ ಗಾಳಿ ತುಂಬಿಟ್ಟ ಏರ್ ರೈಫಲ್. ಬೆಂಗಳೂರಿನ ಶಾಲಾ ವಿದ್ಯಾರ್ಥಿನಿ ತಿಲೋತ್ತಮಾ ಸೇನ್ 2023ರಲ್ಲಿ ದಕ್ಷಿಣ ಕೊರಿಯಾದ ಚಾಂಗ್ವಾನ್‌ನಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಬೆಳ್ಳಿ ಗೆದ್ದದ್ದು ಈ ರೈಫಲ್‌ನ 10 ಮೀಟರ್ ಸ್ಪರ್ಧೆಯಲ್ಲಿ.

ಇದರ ರಚನೆಯನ್ನು ಗಮನಿಸೋಣ. ನಳಿಗೆಯ ಕೆಳಗೆ ಒಂದು ಸಿಲಿಂಡರ್ ಇರುತ್ತದೆ. ಅದರಲ್ಲಿ ಸುಮಾರು 200 ಬಾರ್ ಒತ್ತಡದ ಗಾಳಿ. ಒಂದು ಬಾರ್ ಎಂದರೆ ಹೆಚ್ಚು ಕಡಿಮೆ ನಮ್ಮ ಸುತ್ತಲಿನ ವಾತಾವರಣದ ಒತ್ತಡ. ಸೈಕಲ್ ಟೈರಿನಲ್ಲಿ ಮೂರು ನಾಲ್ಕು ಬಾರ್ ಇದ್ದರೆ ಹೆಚ್ಚು. ಸಿಲಿಂಡರಿನ ಗಾಳಿ ನೇರವಾಗಿ ನಳಿಗೆಗೆ ಹೋಗುವುದಿಲ್ಲ. ಮೊದಲು ರೆಗ್ಯುಲೇಟರ್ ಎಂಬ ಭಾಗ ಅದನ್ನು ಕಡಿಮೆಯಾದ ಒಂದು ನಿಶ್ಚಿತ ಒತ್ತಡಕ್ಕೆ ಇಳಿಸಿ ಚಿಕ್ಕ ಕೋಣೆಯೊಂದಕ್ಕೆ ಬಿಡುತ್ತದೆ. ಕುದುರೆ ಒತ್ತಿದಾಗ ಸ್ಪ್ರಿಂಗಿನ ಬಲದಿಂದ ಪುಟ್ಟ ಸುತ್ತಿಗೆಯೊಂದು ವಾಲ್ವಿಗೆ ಬಡಿಯುತ್ತದೆ. ವಾಲ್ವು ಕ್ಷಣಮಾತ್ರ ತೆರೆದು ಮುಚ್ಚುತ್ತದೆ. ಅಷ್ಟರಲ್ಲಿ ನುಗ್ಗಿದ ಗಾಳಿ 4.5 ಮಿಲಿಮೀಟರ್ ವ್ಯಾಸದ ಸೀಸದ ಪೆಲೆಟ್ಟನ್ನು ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೊರದೂಡುತ್ತದೆ.

ಈ ವೇಗ ಪ್ರತಿ ಸಲವೂ ಒಂದೇ ಆಗಿರಬೇಕು. ಏಕೆಂದು ನಿಮ್ಮ ಭೌತಶಾಸ್ತ್ರದ ಸೂತ್ರದಿಂದಲೇ ಲೆಕ್ಕ ಹಾಕಬಹುದು. ಗಾಳಿಯ ತಡೆಯನ್ನು ಬಿಟ್ಟು ನೋಡಿದರೆ, 170 ಮೀಟರ್ ವೇಗದ ಪೆಲೆಟ್ಟು 10 ಮೀಟರ್ ಸಾಗುವಷ್ಟರಲ್ಲಿ ಗುರುತ್ವದಿಂದ 17 ಮಿಲಿಮೀಟರ್ ಕೆಳಗಿಳಿಯುತ್ತದೆ. ವೇಗ 165ಕ್ಕೆ ಇಳಿದರೆ 18 ಮಿಲಿಮೀಟರ್. ವ್ಯತ್ಯಾಸ ಒಂದೇ ಮಿಲಿಮೀಟರ್ ಎನ್ನಬೇಡಿ. ಗುರಿಹಲಗೆಯ ನಡುವಿನ ಹತ್ತು ಅಂಕದ ಚುಕ್ಕೆಯ ವ್ಯಾಸವೇ ಅರ್ಧ ಮಿಲಿಮೀಟರ್! ದಶಮಾಂಶದ ಎಣಿಕೆಯಲ್ಲಿ ಒಂದು ಮಿಲಿಮೀಟರ್ ಸರಿದರೆ 0.4 ಅಂಕ ಹೋಯಿತು.

ರೈಫಲ್ ಗುರಿ ತಪ್ಪತೊಡಗಿದಾಗ ಅನೇಕರು ಕೂಡಲೇ ಸಿಕ್ಕ ಸ್ಕ್ರೂ ತಿರುಗಿಸುತ್ತಾರೆ. ಒಂದು ಸ್ಕ್ರೂ ಸುತ್ತಿಗೆಯ ಬಲವನ್ನು ಬದಲಿಸುತ್ತದೆ, ಇನ್ನೊಂದು ಒತ್ತಡವನ್ನು. ಎರಡನ್ನೂ ತಿರುಗಿಸಿದ ಮೇಲೆ ಮೂಲ ದೋಷ ಯಾವುದು, ನಾವೇ ಸೇರಿಸಿದ ದೋಷ ಯಾವುದು ಎಂದು ತಿಳಿಯುವುದೇ ಇಲ್ಲ. ಸರಿಯಾದ ಕ್ರಮ ಬೇರೆ. ವೇಗಮಾಪಕದ ಮುಂದೆ ಹತ್ತು ಗುಂಡು ಹಾರಿಸಿ, ಪ್ರತಿಯೊಂದರ ವೇಗವನ್ನೂ ಅದು ಬಿದ್ದ ಜಾಗವನ್ನೂ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಆ ಅಂಕಿಗಳೇ ದೋಷದ ಜಾಡು ಹೇಳುತ್ತವೆ.

ವೇಗ ಗುಂಡಿನಿಂದ ಗುಂಡಿಗೆ ಇಳಿಯುತ್ತ ಹೋದರೆ, ಸಿಲಿಂಡರಿನ ಒತ್ತಡ ರೆಗ್ಯುಲೇಟರಿನ ಮಟ್ಟಕ್ಕಿಂತ ಕೆಳಗಿಳಿದಿರುವ ಸಾಧ್ಯತೆ ಹೆಚ್ಚು. ಗಾಳಿ ತುಂಬಿಸಿ ನೋಡಬೇಕು. ರೈಫಲ್ ಕೆಲಹೊತ್ತು ಸುಮ್ಮನಿದ್ದ ಮೇಲೆ ಮೊದಲ ಗುಂಡಿನ ವೇಗ ಮಾತ್ರ ಬೇರೆಯಾಗಿ, ಉಳಿದವು ಸಮನಾಗಿದ್ದರೆ, ರೆಗ್ಯುಲೇಟರಿನೊಳಗೆ ಗಾಳಿ ಮೆಲ್ಲನೆ ಜಿನುಗಿ ಒತ್ತಡ ಏರಿದೆಯೆಂದು ಸಂಶಯಿಸಬೇಕು. ವೇಗ ಸಮನಾಗಿದ್ದೂ ಗುಂಡುಗಳು ಚದುರಿ ಬಿದ್ದರೆ ಗಾಳಿಯ ತಪ್ಪಲ್ಲ. ನಳಿಗೆಯಲ್ಲಿ ಸೀಸದ ಮಡ್ಡಿ ಕಟ್ಟಿರಬಹುದು, ಪೆಲೆಟ್ಟುಗಳು ಒಂದೇ ಅಳತೆಯವಾಗಿರಲಿಕ್ಕಿಲ್ಲ, ಇಲ್ಲವೆ ಎಲ್ಲೋ ತಿರುಪು ಸಡಿಲಾಗಿರಬಹುದು. ಗುಂಡುಗಳೆಲ್ಲ ಒತ್ತಾಗಿ ಒಂದೇ ಕಡೆ ಬಿದ್ದು, ಆ ಕಡೆ ಮಾತ್ರ ನಡುವಿನಿಂದ ದೂರವಿದ್ದರೆ, ಮೊದಲು ನೋಡಬೇಕಾದ್ದು ಗುರಿ ಹಿಡಿಯುವ ಸೈಟನ್ನು.

ರಾತ್ರಿ ತುಂಬಿಟ್ಟ ಗಾಳಿ ಬೆಳಿಗ್ಗೆ ಇಳಿದಿದ್ದರೆ ಸೋರಿಕೆ ಇರಬಹುದು. ಸೈಕಲ್ ಅಂಗಡಿಯವರು ಟ್ಯೂಬನ್ನು ನೀರಿಗಿಳಿಸಿ ಗುಳ್ಳೆ ನೋಡುವಂತೆ, ತರಬೇತಾದವರು ಇಲ್ಲಿ ಜೋಡಣೆಗಳಿಗೆ ಸಾಬೂನು ನೀರು ಸವರಿ ನೋಡುತ್ತಾರೆ. ಸಾಮಾನ್ಯವಾಗಿ ಸವೆದಿರುವುದು ಒಂದು ಪುಟ್ಟ ರಬ್ಬರ್ ಉಂಗುರ. ಆದರೆ ನಮ್ಮ ರಾಯಚೂರಿನ ಬಿಸಿಲು ಇಲ್ಲಿ ಮೋಸ ಮಾಡುತ್ತದೆ. ಮಧ್ಯಾಹ್ನ 42 ಡಿಗ್ರಿ ಸೆಲ್ಸಿಯಸ್‌ನಲ್ಲಿ 200 ಬಾರ್ ತೋರಿಸಿದ ಸಿಲಿಂಡರ್, 25 ಡಿಗ್ರಿಗೆ ತಣಿದಾಗ 189 ಬಾರ್ ತೋರಿಸುತ್ತದೆ. ಒಂದು ಗುಳ್ಳೆಯಷ್ಟು ಗಾಳಿಯೂ ಹೊರಹೋಗಿರುವುದಿಲ್ಲ! ಆದ್ದರಿಂದ ಒತ್ತಡದ ಪಕ್ಕದಲ್ಲಿ ಉಷ್ಣತೆಯನ್ನೂ ಬರೆಯಬೇಕು.

ಇಂತಹ ತಿಳಿವಳಿಕೆಯ ಬೆಲೆ ಏನೆಂಬುದಕ್ಕೆ ಅಭಿನವ್ ಬಿಂದ್ರಾ ಅವರ ಉದಾಹರಣೆ ಇದೆ. 2008ರ ಆಗಸ್ಟ್ 11ರಂದು ಬೀಜಿಂಗ್ ಒಲಿಂಪಿಕ್ಸ್‌ನ ಫೈನಲ್‌ಗೆ ಮುನ್ನ ಹಾರಿಸಿದ ಅಭ್ಯಾಸದ ಗುಂಡು ನಾಲ್ಕು ಅಂಕದ ವಲಯಕ್ಕೆ ಬಿತ್ತೆಂದು ಅವರೇ ಮುಂದೆ ಹೇಳಿದ್ದಾರೆ. ಅಂಥವರ ಕೈ ಅಷ್ಟು ತಪ್ಪುವುದಿಲ್ಲ. ಸೈಟ್ ತನ್ನ ಜಾಗದಲ್ಲಿರಲಿಲ್ಲ. ಉಳಿದಿದ್ದ ಅಲ್ಪ ಸಮಯದಲ್ಲೇ ಅದನ್ನು ಸರಿಪಡಿಸಿಕೊಂಡು, ಕೊನೆಯ ಗುಂಡಿಗೆ 10.8 ಅಂಕ ಪಡೆದು, ಒಟ್ಟು 700.5 ಅಂಕಗಳೊಂದಿಗೆ ಚಿನ್ನ ಗೆದ್ದರು. ಚೀನಾದ ಝು ಕಿನಾನ್ ಅವರಿಗಿಂತ ಅವರು ಮುಂದಿದ್ದದ್ದು 0.8 ಅಂಕ ಮಾತ್ರ. ಗಾಬರಿಯಿಂದ ಬೇರೇನನ್ನಾದರೂ ಕದಲಿಸಿದ್ದರೆ ಆ ದಿನದ ಕಥೆಯೇ ಬೇರೆಯಾಗುತ್ತಿತ್ತು.

ಕೊನೆಯದಾಗಿ ಎಚ್ಚರಿಕೆಯ ಮಾತು. ನಳಿಗೆಯ ವ್ಯಾಸ 4.5 ಮಿಲಿಮೀಟರನ್ನೂ ಶಕ್ತಿ 20 ಜೌಲನ್ನೂ ಮೀರದ ಏರ್ ರೈಫಲ್‌ಗೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪರವಾನಗಿ ಬೇಕಿಲ್ಲ. ಹಾಗೆಂದು ಇದು ಆಟಿಕೆಯಲ್ಲ. ಪೆಲೆಟ್ಟು ಕಣ್ಣು ಕಳೆಯಬಲ್ಲದು. ಗಿಳಿ, ನವಿಲುಗಳತ್ತ ಹಾರಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಒತ್ತಡವಿರುವ ಸಿಲಿಂಡರನ್ನು ಎಂದೂ ಬಿಚ್ಚಬಾರದು. ಅದರ ಮೇಲೆ ನಮೂದಿಸಿದ ಅವಧಿ ಮುಗಿದಿದ್ದರೆ ಬಳಸಲೂಬಾರದು. ಅದಕ್ಕೆ ಆಮ್ಲಜನಕ ತುಂಬಬಾರದು, ಮನೆಯಲ್ಲಿ ಸಿಕ್ಕ ಎಣ್ಣೆ ಹಾಕಬಾರದು. ಅಧಿಕ ಒತ್ತಡದಲ್ಲಿ ಎಣ್ಣೆ ಹೊತ್ತಿಕೊಂಡು ಸಿಡಿಯಬಹುದು. ಒಳಭಾಗಗಳ ಕೆಲಸ ತರಬೇತಿ ಪಡೆದವರದೇ. ನಿಮ್ಮ ಕೆಲಸ ನೋಡುವುದು, ಬರೆದಿಡುವುದು.

ರೈಫಲ್ ನಿಮ್ಮ ಕೈಗೆ ಬರಬಹುದು, ಬಾರದಿರಬಹುದು. ಹೊಲದ ಪಂಪು, ಮನೆಯ ಸ್ಟೌ, ಕಾಲೇಜಿನ ಪ್ರಯೋಗಾಲಯದ ಉಪಕರಣ ಕೆಟ್ಟಾಗಲೂ ಇದೇ ಕ್ರಮ ಅನ್ವಯಿಸುತ್ತದೆ. ಮೊದಲು ಅಳೆಯಿರಿ, ಬರೆಯಿರಿ. ಆಮೇಲೆ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಮತ್ತೆ ಅಳೆಯಿರಿ.