ಟೊಂಕನೋವಿಗೆ ಹಾಸಿಗೆ ಮದ್ದಲ್ಲ



ಜೋಯಿಡಾ ತಾಲೂಕಿನ ಕುಂಬಾರವಾಡದ ಸೀಮೆಯಲ್ಲಿ ಭತ್ತದ ನಾಟಿ ಎಂದರೆ ಮುಂಜಾನೆಯಿಂದ ಸಂಜೆಯ ತನಕ ಬಗ್ಗಿದ ಬೆನ್ನು, ಮೇಲೆ ಸುರಿಯುವ ಮಳೆ. ಅದು ಮುಗಿದರೂ ಗಡ್ಡೆಗೆಣಸಿನ ಕೆಲಸ, ಸೊಪ್ಪಿನ ಹೊರೆ, ನೀರಿನ ಕೊಡ ತಪ್ಪಿದ್ದಲ್ಲ. ಒಬ್ಬರ ಟೊಂಕ ಹಿಡಿದರೆ ಮನೆಗೆ ಒಂದಾಳು ಕಡಿಮೆ. ಆಗ ನೀವು, "ಸುಮ್ಮನೆ ಮಲಗಿದರೆ ಹೋದೀತು" ಅಂತೀರಿ. ಕೆಡುವುದು ಅಲ್ಲಿಯೇ.

ಮೂರು ತಿಂಗಳು ಮೀರಿದ್ದು ಹಳೆಯ ನೋವು. ಮಲಗಿದಷ್ಟೂ ಬೆನ್ನಿನ ಸ್ನಾಯು ಸೊರಗುತ್ತದೆ. ಸೊರಗಿದ ಸ್ನಾಯು ಸಣ್ಣ ಕೆಲಸಕ್ಕೂ ನೋಯುತ್ತದೆ. ನೋವಿಗೆ ಅಂಜಿ ಮತ್ತೆ ಮಲಗುತ್ತೇವೆ. ಇಂಥ ನೋವಿಗೆ ವ್ಯಾಯಾಮ ಮತ್ತು ತಿಳಿವಳಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸಲಹೆ ಮಾಡಿತು. ಸೊಂಟಕ್ಕೆ ಪಟ್ಟಿ ಕಟ್ಟುವುದನ್ನೂ ಭಾರ ಹಾಕಿ ಎಳೆಯುವುದನ್ನೂ ಅದು ವಾಡಿಕೆಯ ಚಿಕಿತ್ಸೆಯಾಗಿ ಒಪ್ಪಲಿಲ್ಲ.

"ದಿನವೆಲ್ಲ ದುಡೀತೀವಲ್ರೀ, ಮತ್ತೆ ವ್ಯಾಯಾಮ ಯಾಕೆ?" ಎಂದು ಕೇಳಬಹುದು. ಗದ್ದೆಯ ಕೆಲಸದಲ್ಲಿ ಬೆನ್ನು ಒಂದೇ ಕಡೆ ಗಂಟೆಗಟ್ಟಲೆ ಬಗ್ಗಿರುತ್ತದೆ. ವ್ಯಾಯಾಮದಲ್ಲಿ ಅದು ಎಲ್ಲ ಕಡೆಗೂ ಆಡುತ್ತದೆ, ಬಲ ಮೆಲ್ಲಗೆ ಏರುತ್ತದೆ.

ಚಾಪೆಯ ಮೇಲೆ ಅಂಗಾತ ಮಲಗಿರಿ. ಒಂದೊಂದೇ ಮೊಣಕಾಲನ್ನು ಎದೆಯತ್ತ ಎಳೆದು, ಹತ್ತು ಎಣಿಸಿ ಬಿಡಿರಿ. ಬಳಿಕ ಎರಡೂ ಕಾಲು ಮಡಚಿ, ಪಾದ ಊರಿ, ಸೊಂಟವನ್ನು ಮೇಲೆತ್ತಿ ಐದು ಎಣಿಸಿ ಇಳಿಸಿರಿ. ಆಮೇಲೆ ಅಂಬೆಗಾಲಿನ ಮಗುವಿನಂತೆ ಕೈ-ಮೊಣಕಾಲು ಊರಿ, ಬೆನ್ನನ್ನು ಬೆಕ್ಕಿನ ಹಾಗೆ ಮೇಲಕ್ಕೆ ಬಾಗಿಸಿ, ಮೆಲ್ಲಗೆ ಕೆಳಗಿಳಿಸಿರಿ. ಮೊದಲು ಐದೈದು ಸಲ ಸಾಕು. ವಾರ ಕಳೆದಂತೆ ಹತ್ತಕ್ಕೆ ಏರಿಸಿರಿ. ದಿನಾ ಅಷ್ಟು ದೂರ ನಡೆಯಿರಿ. ತುಸು ನೋವಾದರೆ ಹೆದರಬೇಡಿರಿ. ಹೆಚ್ಚುತ್ತ ಹೋದರೆ ಕಡಿಮೆ ಮಾಡಿರಿ. ಫಿಸಿಯೋಥೆರಪಿಯವರು ಸಿಕ್ಕರೆ ಅವರೆದುರು ಒಮ್ಮೆ ಮಾಡಿ ತೋರಿಸಿ, ತಿದ್ದಿಸಿಕೊಳ್ಳಿರಿ.

ಗದ್ದೆಯಲ್ಲಿ ಆಗಾಗ ನೆಟ್ಟಗೆ ನಿಂತು, ಸೊಂಟಕ್ಕೆ ಕೈ ಕೊಟ್ಟು ಹಿಂದಕ್ಕೆ ಬಾಗಿರಿ. ಹೊರೆ ಎತ್ತುವಾಗ ಮೊಣಕಾಲು ಮಡಚಿ, ಭಾರವನ್ನು ಮೈಗೆ ಹತ್ತಿರ ಹಿಡಿಯಿರಿ. ದೊಡ್ಡದೊಂದು ಹೊರೆಗಿಂತ ಸಣ್ಣವೆರಡು ಲೇಸು.

ಆದರೆ ಒಂದು ಮಾತು ಮರೆಯಬೇಡಿರಿ. ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ತೊಡೆಸಂದಿಯ ಸುತ್ತ ಜೋಮು ಹಿಡಿದರೆ, ಕಾಲಿನ ಬಲ ಕುಂದಿದರೆ ಇದು ವ್ಯಾಯಾಮದ ಹೊತ್ತಲ್ಲ. ಊರು ದೂರ, ಬಸ್ಸಿಲ್ಲ ಎಂದು ಬೆಳಗಿನ ತನಕ ಕಾಯಬೇಡಿರಿ. 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಿರಿ. ಬಿದ್ದ ಮೇಲೆ ಬಂದ ನೋವು, ಜ್ವರದೊಡನೆ ಬಂದ ನೋವು, ಮೈ ಇಳಿಯುತ್ತಿರುವಾಗಿನ ನೋವು — ಇವನ್ನೂ ತಡಮಾಡದೆ ವೈದ್ಯರಿಗೆ ತೋರಿಸಿರಿ.

ಉಳಿದವರು ನಾಳೆ ಮುಂಜಾನೆಯೇ ಚಾಪೆ ಹಾಸಿರಿ, ಮಲಗಲಿಕ್ಕಲ್ಲ, ವ್ಯಾಯಾಮಕ್ಕೆ.