ಗಿರಿಯ ಮೇಲೆ ದತ್ತಮಾಲೆ, ತೋಟದೊಳಗೆ ಆನೆ

ಇವತ್ತು ಕುದುರೆಮುಖದಿಂದ ಮಾತಾಡ್ತಿದ್ದೀನಿ. ಇಲ್ಲಿ ಒಂದು ತಿರುವಿನಲ್ಲಿ ಸಿಕ್ಕ ನೆಟ್‌ವರ್ಕ್ ಮುಂದಿನ ತಿರುವಿನಲ್ಲಿ ಇರೋದಿಲ್ಲ. ಹಾಗಾಗಿ ಮೊದಲೇ ರೆಕಾರ್ಡ್ ಮಾಡಿ ಕಳಿಸ್ತಿದ್ದೀನಿ.

ನನ್ನ ಪ್ರಶ್ನೆ ಒಂದೇ. ಒಂದು ಪಕ್ಷ ಅಧಿಕಾರಕ್ಕೆ ಬಂದಮೇಲೆ ಮೊದಲು ಯಾರ ಮಾತು ಕೇಳುತ್ತೆ? ವೋಟು ಹಾಕಿದ ಊರಿನದ್ದಾ, ತನ್ನ ಪರಿವಾರದ ಸಂಘಟನೆಗಳದ್ದಾ? ಪಕ್ಷ ಬಿಜೆಪಿ. ಸಂಘಟನೆಗಳು ವಿಶ್ವ ಹಿಂದೂ ಪರಿಷತ್ ಮತ್ತು ಬಜರಂಗದಳ.

ಬಾಬಾಬುಡನ್‌ಗಿರಿ ನಿಮಗೆ ಗೊತ್ತು. ಯೆಮನ್‌ನಿಂದ ಏಳು ಕಾಫಿ ಬೀಜ ತಂದ ಸೂಫಿ ಸಂತನ ಕಥೆ ಅಂಟಿಕೊಂಡಿರೋ ಬೆಟ್ಟ. ಅದೇ ಗುಹೆಯಲ್ಲಿ ದತ್ತಾತ್ರೇಯರ ಪಾದುಕೆಗೂ ಜನ ಕೈಮುಗೀತಾ ಬಂದಿದ್ದಾರೆ. ಇದನ್ನೇ ‘ದಕ್ಷಿಣದ ಅಯೋಧ್ಯೆ’ ಮಾಡ್ತೀವಿ ಅಂತ ಆ ಸಂಘಟನೆಗಳು ಹೊರಟವು. ಆ ಹೋರಾಟದಲ್ಲೇ ಹೆಸರು ಮಾಡಿದ ಸಿ.ಟಿ. ರವಿ 2004ರಿಂದ ಸತತ ನಾಲ್ಕು ಬಾರಿ ಚಿಕ್ಕಮಗಳೂರಿನ ಶಾಸಕರಾದರು. ವಿರೋಧಿಸಿ ನಿಂತವರಲ್ಲಿ ಗಿರೀಶ್ ಕಾರ್ನಾಡ್ ಇದ್ದರು, ಗೌರಿ ಲಂಕೇಶ್ ಇದ್ದರು.

ಈಗ ಆಡಳಿತದ ಲೆಕ್ಕ ನೋಡೋಣ. 2019ರ ಜುಲೈ 26ಕ್ಕೆ ಯಡಿಯೂರಪ್ಪ ಪ್ರಮಾಣವಚನ ತಗೊಂಡರು. ಆಗಸ್ಟ್‌ನಲ್ಲಿ ಮಳೆಗೆ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡಗಳೇ ಜಾರಿದವು. ಮನೆ, ತೋಟ ಎಲ್ಲ ಹೋಯ್ತು. ಆಗ ರಾಜ್ಯದಲ್ಲಿ ಮುಖ್ಯಮಂತ್ರಿ ಬಿಟ್ಟರೆ ಇನ್ನೊಬ್ಬ ಮಂತ್ರಿ ಇರಲಿಲ್ಲ! ಸಂಪುಟ ಬಂದದ್ದು ಆಗಸ್ಟ್ 20ಕ್ಕೆ.

2021ರ ಅಕ್ಟೋಬರ್‌ನಲ್ಲಿ, ಘಟ್ಟದ ಕೆಳಗೆ ಅನೈತಿಕ ಪೊಲೀಸ್‌ಗಿರಿ ಹೆಚ್ಚಾಗಿದ್ದಾಗ, ಮುಖ್ಯಮಂತ್ರಿ ಬೊಮ್ಮಾಯಿ ಕ್ರಿಯೆಗೆ ಪ್ರತಿಕ್ರಿಯೆ ಇದ್ದೇ ಇರುತ್ತೆ ಅನ್ನೋ ಅರ್ಥದ ಮಾತಾಡಿದರು. ಹೊಡೆಯೋರಿಗೆ ಅದು ಹೇಗೆ ಕೇಳಿಸಿರಬಹುದು, ನೀವೇ ಯೋಚಿಸಿ.

ಆಮೇಲೆ 2022ರ ನವೆಂಬರ್. 20ನೇ ತಾರೀಖು ಭಾನುವಾರ, ಮೂಡಿಗೆರೆ ತಾಲ್ಲೂಕಿನ ಹುಲ್ಲೇಮನೆ ಕುಂದೂರಿನಲ್ಲಿ ಕಾಡಾನೆ ದಾಳಿಗೆ ಒಬ್ಬ ಮಹಿಳೆ ಸತ್ತರು. ನೋಡಲು ಬಂದ ಬಿಜೆಪಿ ಶಾಸಕ ಎಂ.ಪಿ. ಕುಮಾರಸ್ವಾಮಿ ಅವರನ್ನ ಜನ ಎಳೆದಾಡಿ ಅಂಗಿ ಹರಿದರು. ಕೈ ಮಾಡಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಸಿಟ್ಟು ಒಂದೇ ದಿನದಲ್ಲಿ ಹುಟ್ಟಿದ್ದಲ್ಲ.

ಅದೇ ಹೊತ್ತಿಗೆ ಸರ್ಕಾರ ಗಿರಿಯ ಪೀಠಕ್ಕೆ ಎಂಟು ಜನರ ಆಡಳಿತ ಸಮಿತಿ ಮಾಡಿತು. ಅದರಲ್ಲಿ ಮುಸ್ಲಿಮರು ಒಬ್ಬರೇ. ಡಿಸೆಂಬರ್‌ನ ದತ್ತ ಜಯಂತಿಗೆ ಹಿಂದೂ ಅರ್ಚಕರೂ ಬಂದರು. ಪರಿವಾರದ ಬೇಡಿಕೆಗೆ ಸಮಿತಿ, ಆದೇಶ, ಬಂದೋಬಸ್ತ್ ಎಲ್ಲ ಸಿದ್ಧ. ಕಾಫಿ ಕೊಯ್ಯೋಕೆ ಬೆಳಗ್ಗೆ ತೋಟಕ್ಕಿಳಿಯೋ ಹೆಂಗಸರಿಗೆ? ಆನೆ ಕಾರ್ಯಪಡೆ ಬಂತು, ಇಲ್ಲ ಅನ್ನಲ್ಲ. ಆದರೆ ಜನ ಬೀದಿಗೆ ಬಂದಮೇಲೆ ಬಂತು.

2023ರ ಚುನಾವಣೆಯಲ್ಲಿ ಕಾಂಗ್ರೆಸ್ ಪ್ರಣಾಳಿಕೆ ಬಜರಂಗದಳದ ಹೆಸರೆತ್ತಿತು. ಪ್ರಧಾನಿ ಮೋದಿ ವೇದಿಕೆ ಮೇಲಿಂದ ‘ಜೈ ಬಜರಂಗಬಲಿ’ ಅಂದರು. ಒಂದು ಸಂಘಟನೆಯನ್ನ ಟೀಕಿಸಿದರೆ ಹನುಮಂತನನ್ನೇ ಟೀಕಿಸಿದ ಹಾಗೆ! ಮಲೆನಾಡಿನ ಜನಕ್ಕೆ ವ್ಯತ್ಯಾಸ ಗೊತ್ತಿತ್ತು. 2018ರಲ್ಲಿ ಜಿಲ್ಲೆಯ ಐದರಲ್ಲಿ ನಾಲ್ಕು ಗೆದ್ದಿದ್ದ ಬಿಜೆಪಿ ಈ ಸಲ ಐದೂ ಸೋತಿತು. ಸಿ.ಟಿ. ರವಿಯೂ ಸೋತರು.

ಕಥೆ ಇಲ್ಲಿಗೆ ಮುಗೀತು ಅಂದುಕೊಂಡರೆ ನಮಗೆ ನಾವೇ ಮೋಸ ಮಾಡಿಕೊಂಡ ಹಾಗೆ. 2024ರಲ್ಲಿ ಉಡುಪಿ-ಚಿಕ್ಕಮಗಳೂರು ಲೋಕಸಭಾ ಕ್ಷೇತ್ರ ಮತ್ತೆ ಬಿಜೆಪಿಯದ್ದೇ ಆಯ್ತು. ಇತ್ತ ಐದೂ ಸೀಟು ಗೆದ್ದ ಕಾಂಗ್ರೆಸ್ ಕಾಲದಲ್ಲೂ ಆನೆ ತೋಟ ಬಿಟ್ಟು ಹೋಗಿಲ್ಲ. ಅವರನ್ನೂ ಇದೇ ಪ್ರಶ್ನೆ ಕೇಳಬೇಕು.

ದತ್ತಮಾಲೆ ಹಾಕೋ ಹುಡುಗರು ಹೊರಗಿನವರಲ್ಲ. ನಮ್ಮ ಜೊತೆ ಶಾಲೆಗೆ ಬಂದವರೇ. ಅವರ ಭಕ್ತಿ ಬಗ್ಗೆ ನನಗೆ ತಕರಾರಿಲ್ಲ. ಅವರಿಗೆ ನಾನು ಹೇಳೋದಿಷ್ಟೇ: ಮುಂದಿನ ಸಲ ವೋಟು ಕೇಳೋಕೆ ಬಂದವರನ್ನ ನಿಲ್ಲಿಸಿ, ಗುಡ್ಡ ಜಾರಿದಾಗ ಎಲ್ಲಿದ್ರಿ, ಅಂತ ಒಂದು ಮಾತು ಕೇಳಿ.

ಮತ್ತೆ ಸಿಗೋಣ.