ಲಂಡನ್ನಿಗೆ ಎರಡನೇ ಸಲ



ಬಾಬಾಸಾಹೇಬರು ಲಂಡನ್ನಿನಲ್ಲಿ ಕಲಿತರು ಅನ್ನೋದು ನಮಗೆಲ್ಲ ಗೊತ್ತೈತಿ. ಆದರೆ ಕಲಿಯೋದಕ್ಕಾಗಿ ಆ ಶಹರಕ್ಕೆ ಅವರು ಎರಡು ಸಲ ಹೋಗಬೇಕಾಯಿತು. ಇವತ್ತು ಆ ಎರಡನೇ ಪ್ರಯಾಣದ ಮಾತು ಹೇಳತೇನಿ.

1916ರಲ್ಲಿ ಅವರು ನ್ಯೂಯಾರ್ಕಿನಿಂದ ಲಂಡನ್ನಿಗೆ ಬಂದಾಗ ಮಹಾಯುದ್ಧ ನಡೆದಿತ್ತು. ಆಕಾಶದಿಂದ ಬಾಂಬು ಬೀಳುವ ಗದ್ದಲದ ಕಾಲ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಮತ್ತು ಗ್ರೇಸ್ ಇನ್, ಎರಡೂ ಕಡೆ ಹೆಸರು ಹಚ್ಚಿದರು. ವರ್ಷ ತುಂಬೋದರೊಳಗೆ ಬಡೋದಾ ಸಂಸ್ಥಾನದ ವಿದ್ಯಾರ್ಥಿವೇತನ ಮುಗಿಯಿತು. 1917ರಲ್ಲಿ ಓದು ಅರ್ಧಕ್ಕೆ ಬಿಟ್ಟು ಮರಳಿದರು. ಬೇರೆ ಹಡಗಿನಲ್ಲಿ ಕಳಿಸಿದ ಪುಸ್ತಕಗಳು ಯುದ್ಧದ ದಾಳಿಗೆ ಸಿಕ್ಕು ಸಮುದ್ರದ ಪಾಲಾದವು. ಉಳಿದದ್ದು ಒಂದೇ: ನಾಲ್ಕು ವರ್ಷದೊಳಗೆ ಬಂದು ಓದು ಮುಂದುವರಿಸಬಹುದು ಎಂಬ ಅನುಮತಿ.

ಆ ಅನುಮತಿಯನ್ನು ಅವರು ಮರೆಯಲಿಲ್ಲ. 1918ರಲ್ಲಿ ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಅಲ್ಲಿಯೂ ಕುಡಿಯುವ ನೀರಿನ ಕೊಡ ಮುಟ್ಟಬಾರದೆಂದು ಆಕ್ಷೇಪ ಎದ್ದಿತು. ಸಂಬಳದಲ್ಲಿ ಹಣ ಉಳಿಸುತ್ತಾ ಬಂದರು. 1920ರ ಮಾರ್ಚದಲ್ಲಿ ನಮ್ಮ ಪಕ್ಕದ ಹಾತಕಣಂಗಲೆ ತಾಲೂಕಿನ ಮಾಣಗಾಂವ ಪರಿಷತ್ತಿಗೆ ಅಧ್ಯಕ್ಷರಾದರು. ನಿಮಗೆ ನಿಮ್ಮ ನಾಯಕ ಸಿಕ್ಕಾನ ಎಂದು ಶಾಹೂ ಮಹಾರಾಜರು ಸಾರಿದ್ದು ಅಲ್ಲಿಯೇ. ಅದೇ ಜುಲೈದಲ್ಲಿ ಮತ್ತೆ ಲಂಡನ್ನಿಗೆ ಹೊರಟರು. ಹಣ ಹೇಗೆ ಕೂಡಿತು ನೋಡ್ರಿ: ತಮ್ಮ ಉಳಿತಾಯ, ಪಾರ್ಸಿ ಗೆಳೆಯ ನವಲ್ ಭಥೇನಾ ಅವರ ಸಾಲ, ಶಾಹೂ ಮಹಾರಾಜರ ನೆರವು. ಇತ್ತ ಮುಂಬಯಿಯಲ್ಲಿ ಬಡತನದ ಸಂಸಾರದ ಭಾರ ಹೊತ್ತವರು ರಮಾಯಿ.

ಅಲ್ಲಿ ಅರೆಹೊಟ್ಟೆಯಲ್ಲಿದ್ದು ಬ್ರಿಟಿಷ್ ಮ್ಯೂಸಿಯಮ್ಮಿನ ಗ್ರಂಥಾಲಯದಲ್ಲಿ ಬಾಗಿಲು ಮುಚ್ಚುವವರೆಗೆ ಓದಿದರು. 1921ರಲ್ಲಿ ಎಂ.ಎಸ್ಸಿ., 1922ರಲ್ಲಿ ಬ್ಯಾರಿಸ್ಟರ್. ರೂಪಾಯಿಯ ಸಮಸ್ಯೆ ಕುರಿತ ಪ್ರಬಂಧವನ್ನು ತಿದ್ದಿ ಕೊಡಿ ಎಂದರು ಪರೀಕ್ಷಕರು. ಮುಂಬಯಿಗೆ ಬಂದು, ತಿದ್ದಿ ಕಳಿಸಿ, 1923ರಲ್ಲಿ ಡಿ.ಎಸ್ಸಿ. ಪಡೆದರು. 1930ರಲ್ಲಿ ಅದೇ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಅಸ್ಪೃಶ್ಯರ ಪ್ರತಿನಿಧಿಯಾಗಿ ಎದ್ದು ನಿಂತು ಮಾತಾಡಿದರು.

ನಮ್ಮ ಓಣಿಯಲ್ಲೂ ಹತ್ತನೇ ಇಯತ್ತೆ ಬಿಟ್ಟು ದುಡಿಯಲು ಹೋದ ಹುಡುಗರಿದ್ದಾರೆ. ಲಗ್ನ ಆದಮೇಲೆ ಕಾಲೇಜು ನಿಂತ ಹೆಣ್ಣುಮಕ್ಕಳಿದ್ದಾರೆ. ಪುಣೆಗೆ ಹೋಗಿ ಫೀ ಕಟ್ಟಲಾಗದೆ ಮರಳಿದವರಿದ್ದಾರೆ. ಅವರನ್ನು ‘ಸಾಲಿ ಬಿಟ್ಟವರು’ ಅನ್ನಬ್ಯಾಡ್ರಿ. ಅವರ ಓದು ನಡುವೆ ನಿಂತದ, ಅಷ್ಟೇ. ಹತ್ತು-ಹನ್ನೆರಡನೆಯದಕ್ಕೆ ಹೊರಗಿನಿಂದ ಕೂಡಲು 17 ನಂಬರ್ ಫಾರ್ಮ್ ಐತಿ. ಪದವಿಗೆ ನಾಶಿಕದ ಯಶವಂತರಾವ್ ಚವ್ಹಾಣ ಮುಕ್ತ ವಿದ್ಯಾಪೀಠ ಐತಿ. ಜಯಂತಿಗೆ ಪಟ್ಟಿ ಎತ್ತುವ ನಾವು, ಆ ಹಣದಲ್ಲಿ ಒಂದು ಪಾಲು ಇಂಥವರ ಫೀಗೆ ತೆಗೆದಿಡೋಣ. ಭಥೇನಾ ಅವರಂಥ ಒಬ್ಬ ಗೆಳೆಯ ಪ್ರತಿಯೊಬ್ಬರಿಗೂ ಬೇಕು. ಸಂಘ ಇರೋದು ಅದಕ್ಕಾಗಿಯೇ.

ಜೈ ಭೀಮ್.